ಐದು ನಿಮಿಷ ಎಂದ ಮೇಲೆ ಬಂದ ಹಾಡುಗಳು

ಅದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ನಾನು ಯೂನಿವರ್ಸಿಟಿಯ ಅರ್ಜಿ ಹರವಿಕೊಂಡು ನಿಂತಿದ್ದೆ. ಅವರು ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

“ಎಷ್ಟ್ ವರ್ಷದ್ದದು?”

“ಕೆಲಸಕ್ಕ ಹೋಗ್ಕೋತ ಓದಿದ್ರ ಆರು ವರ್ಷ ಹಿಡೀತೈತ್ರಿ ಅತ್ತಿ.”

“ಅಷ್ಟೊತ್ತಿಗೆ ನಿನಗ ನಲವತ್ನಾಕು. ನಿಮ್ಮ ಮನ್ಯಾಗ ಕಾಲೇಜ್ ಮುಗಿಸಿದವ್ರು ಯಾರ್ ಅದಾರ? ನೀ ಮುಗಸಾಕ? ಆಗೂ ಮಾತಲ್ಲ ಬಿಡ.”

ಬೈಗುಳದ ದನಿ ಇರಲಿಲ್ಲ. ಜೋಳದ ಹಿಟ್ಟು ಹಳೇದಾಗಿದೆ, ರೊಟ್ಟಿ ಹರಿಯುತ್ತದೆ ಎಂದು ಹೇಳುತ್ತಾರಲ್ಲ, ಹಾಗೆ ಹೇಳಿದ್ದರು. ಸುಳ್ಳೂ ಹೇಳಿರಲಿಲ್ಲ. ನಮ್ಮಪ್ಪ ಗದಗ ಬಸ್ ಸ್ಟ್ಯಾಂಡಿನ ಹೊರಗೆ ಚಹಾ ಮಾರುತ್ತಿದ್ದ. ಅವ್ವನಿಗೆ ಸಹಿ ಬರುತ್ತಿರಲಿಲ್ಲ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಮದುವೆಯಾದವಳು. ಇಲ್ಲಿ ವಯಸ್ಸು ಇಪ್ಪತ್ತು ದಾಟಿದವರಿಗೆ ಹಳೆಯ ಅಂಕಪಟ್ಟಿ ಇಲ್ಲದೆಯೂ ಒಳಗೆ ಹೋಗುವ ದಾರಿಯೊಂದಿದೆ ಎಂದು ತಿಳಿಸಿದ್ದು, ನಾನು ಕೆಲಸ ಮಾಡುವ ರೆಸ್ಟ್ ಹೋಮಿನ, ಅಂದರೆ ವೃದ್ಧಾಶ್ರಮದ, ನರ್ಸ್. ಅರ್ಜಿ ಹಾಕಿದೆ. ಬೆಳಗಿನ ಪಾಳಿ ಮುಗಿಸಿ, ಮುದುಕರನ್ನು ಮೀಯಿಸಿದ ಯೂನಿಫಾರ್ಮಿನ ಮೇಲೆಯೇ ಜಾಕೆಟ್ ಏರಿಸಿಕೊಂಡು ತರಗತಿಯಲ್ಲಿ ಕೂತೆ. ಮೊದಲ ಪ್ರಬಂಧಕ್ಕೆ ಸಿ ಮೈನಸ್ ಬಂತು. ಅದನ್ನು ನಾನು ಯಾರಿಗೂ ತೋರಿಸಲಿಲ್ಲ.

ಆ ವರ್ಷಗಳಲ್ಲೇ ನಮ್ಮ ಮನೆಯೊಳಗೆ ಕೊರಿಯಾದ ಹಾಡಿನ ಕಾರ್ಯಕ್ರಮಗಳು ಬಂದವು. ತಂದವಳು ಮಗಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆಗೆ ಇಂಗ್ಲಿಷ್ ಬಾರದು. ಇಬ್ಬರೂ ಒಂದೇ ಸೋಫಾದಲ್ಲಿ ಕೂತು, ಇಬ್ಬರದೂ ಅಲ್ಲದ ಭಾಷೆಯ ಹಾಡು ನೋಡುತ್ತಿದ್ದರು. ಮೊದಮೊದಲು ಅತ್ತೆಗೆ ಒಂದೇ ದೂರು.

“ಹೋದ ವಾರನೂ ಇದ ಹಾಡು ಹಾಡಿದ್ರಲ್ಲ ಇವ್ರು? ಅಂಗಿ ಅಷ್ಟ ಬ್ಯಾರೆ ಹಾಕ್ಕೊಂಡು ಬಂದಾರ.”

“ಅಜ್ಜಿ, ಕಮ್‌ಬ್ಯಾಕ್ ಅಂದ್ರೆ ಹಾಗೇ. ದೆ ಡೂ ಇಟ್ ಫಾರ್ ವೀಕ್ಸ್.”

ನಾನು ತರಕಾರಿ ಹೆಚ್ಚುತ್ತ ಭಾಷಾಂತರ ಮಾಡುತ್ತಿದ್ದೆ. ಹಾಗೆ ನನಗೂ ತಿಳಿಯಿತು. ಅಲ್ಲಿ ವಾರದ ಹೆಚ್ಚುಕಡಿಮೆ ಪ್ರತಿ ದಿನವೂ ಒಂದೊಂದು ವಾಹಿನಿಯಲ್ಲಿ ಇಂಥದೊಂದು ಕಾರ್ಯಕ್ರಮ. ಹೊಸ ಹಾಡು ಬಿಟ್ಟ ತಂಡ ಎಲ್ಲಿಗೂ ಹೋಗಿರದಿದ್ದರೂ ಮರಳಿ ಬಂತು ಎನ್ನುತ್ತಾರೆ. ಮೂರು ನಾಲ್ಕು ವಾರ ಅದೇ ಹಾಡನ್ನು ಎಲ್ಲ ವಾಹಿನಿಗಳಲ್ಲಿ ಸುತ್ತಿಸುತ್ತಾರೆ. ನೇರ ಪ್ರಸಾರವೆಂದು ನಾವು ನೋಡುವ ಎಷ್ಟೋ ಕುಣಿತಗಳು ಬೆಳಗಿನ ಜಾವವೇ ಚಿತ್ರೀಕರಣವಾಗಿರುತ್ತವೆ. ಅಭಿಮಾನಿಗಳು ಸಾಲು ನಿಂತು ಒಳಗೆ ಹೋಗಿ, ಹಾಡಿನ ಯಾವ ಸಾಲಿನ ನಂತರ ಯಾವ ಹೆಸರು ಕೂಗಬೇಕೆಂದು ಬಾಯಿಪಾಠ ಮಾಡಿಕೊಂಡು ಕೂಗುತ್ತಾರೆ. ಆ ವಾರದ ಮೊದಲ ಸ್ಥಾನಕ್ಕೆ ಎರಡೋ ಮೂರೋ ಹಾಡು. ಎಷ್ಟು ಜನ ಕೇಳಿದರು, ಎಷ್ಟು ಆಲ್ಬಮ್ ಮಾರಾಟವಾಯಿತು, ವೀಡಿಯೊ ಎಷ್ಟು ಮಂದಿ ನೋಡಿದರು, ಎಷ್ಟು ಓಟು ಬಿತ್ತು, ಎಲ್ಲ ಕೂಡಿಸಿ ಅಂಕ. ಯಾವುದಕ್ಕೆ ಎಷ್ಟು ತೂಕ ಎನ್ನುವುದು ವಾಹಿನಿಗೊಂದು ಲೆಕ್ಕ. ಕೊನೆಗೆ ಆ ದಿನ ಹಾಡಿದವರೆಲ್ಲ ಒಂದೇ ವೇದಿಕೆಯ ಮೇಲೆ ಬಂದು ನಿಲ್ಲುತ್ತಾರೆ. ಗೆದ್ದವರಿಗೆ ಟ್ರೋಫಿ. ಉಳಿದವರು ಚಪ್ಪಾಳೆ ತಟ್ಟಿ, ಬಗ್ಗಿ ನಮಸ್ಕರಿಸಿ ಒಬ್ಬೊಬ್ಬರಾಗಿ ಸರಿದು ಹೋಗುತ್ತಾರೆ. ಗೆದ್ದವರು ಅಳುತ್ತ ಅದೇ ಹಾಡನ್ನು ಇನ್ನೊಮ್ಮೆ ಹಾಡುತ್ತಿರುವಾಗ ಪರದೆಯ ಮೇಲೆ ಕೆಲಸಗಾರರ ಹೆಸರು ಉರುಳುತ್ತವೆ. ಹಾಡು ಮುಗಿಯುವ ಮೊದಲೇ ಪ್ರಸಾರ ಕಡಿದುಹೋಗುತ್ತದೆ.

ಕೆಲವು ವಾಹಿನಿಗಳಲ್ಲಿ ಒಂದು ಹಾಡು ಮೂರು ಸಲ ಗೆದ್ದರೆ ಅದನ್ನು ಪೈಪೋಟಿಯಿಂದಲೇ ತೆಗೆಯುತ್ತಾರೆ ಎಂದು ಕೇಳಿ ಅತ್ತೆ ಬಹಳ ಖುಷಿಪಟ್ಟರು. “ಮೂರ ಸಲ ಗೆದ್ದ್ರ ಮನಿಗೆ ಕಳಸ್ತಾರ? ಭೇಶ್. ನಮ್ಮ ಎಮ್ಮೆಲ್ಲೆಗೂ ಇದ ಕಾಯ್ದೆ ಮಾಡ್ಬೇಕಿತ್ತು.”

ಮಗಳ ಮೆಚ್ಚಿನ ತಂಡ ಏಳು ಹುಡುಗಿಯರದು. ಸಣ್ಣ ಕಂಪನಿ, ವರ್ಷಗಟ್ಟಲೆ ಕುಣಿದರೂ ಒಮ್ಮೆಯೂ ಮೊದಲ ಸ್ಥಾನ ಕಂಡವರಲ್ಲ. ಓಟು ಹೆಚ್ಚಲಿ ಎಂದು ಮಗಳು ಅಜ್ಜಿಯ ಹೆಸರಿನಲ್ಲೂ ಒಂದು ಖಾತೆ ತೆರೆದು, ಹಳೆಯ ಟ್ಯಾಬ್ಲೆಟ್ ಕೈಗಿತ್ತಳು. ಪ್ರತಿ ದಿನ ಆ್ಯಪ್ ತೆರೆದು ಹಾಜರಿ ಒತ್ತಬೇಕು, ಜಾಹೀರಾತು ನೋಡಬೇಕು. ನೋಡಿದಷ್ಟು ಹಾರ್ಟ್ ಜಮೆಯಾಗುತ್ತವೆ. ಆ ಹಾರ್ಟೇ ಓಟು. ಅತ್ತೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ ಚಹಾಕ್ಕಿಂತ ಮೊದಲು ಹಾಜರಿ ಒತ್ತುತ್ತಿದ್ದರು. ಬೇರೆಯವರು ಜಾಹೀರಾತು ಹಚ್ಚಿಟ್ಟು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇವರು ಒಂದನ್ನೂ ಬಿಡದೆ ಕಣ್ಣರಳಿಸಿ ನೋಡುತ್ತಿದ್ದರು. ನೋಡದೆ ಹಾರ್ಟ್ ತಗೊಂಡರೆ ಅದು ಮೋಸ ಎಂದು ಅವರ ವಾದ.

ಕೊನೆಯ ವರ್ಷ ನಾನೊಂದು ಸಂಶೋಧನಾ ಪ್ರಬಂಧ ಬರೆಯಬೇಕಿತ್ತು. ವಿಷಯ ಎಲ್ಲೋ ಹುಡುಕುವ ಬದಲು ಸೋಫಾದ ಮೇಲಿದ್ದದ್ದನ್ನೇ ಎತ್ತಿಕೊಂಡೆ: ಈ ಕಾರ್ಯಕ್ರಮಗಳು ಹೇಗೆ ನಡೆಯುತ್ತವೆ, ನಮ್ಮಂಥ ಮನೆಯಲ್ಲಿ ಅವನ್ನು ಹೇಗೆ ನೋಡುತ್ತಾರೆ. ಮಾರ್ಗದರ್ಶಕಿ ಒಪ್ಪಿದರು. ಅತ್ತೆಗೆ ಹೇಳಿದಾಗ ಅವರು ನಕ್ಕು, “ನಾ ಟಿವಿ ನೋಡಿದ್ದಕ್ಕ ನಿನಗ ಡಿಗ್ರಿ ಕೊಡ್ತಾರ?” ಎಂದರು. ಆದರೆ ಅಂದಿನಿಂದ ನಾನು ನೋಟ್‌ಬುಕ್ ಹಿಡಿದು ಬಂದರೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದರು.

ಆ ಬೇಸಿಗೆಯ ಕೊನೆಗೆ ಏಳು ಹುಡುಗಿಯರ ಹಾಡು ಮೊದಲ ಸಲ ಮೊದಲ ಸ್ಥಾನದ ಪಟ್ಟಿಗೆ ಬಂತು. ಅದೇ ಭಾನುವಾರ ಮಗಳು ಶಾಲೆಯ ಕ್ಯಾಂಪಿನಲ್ಲಿ. ಫೋನ್ ಒಯ್ಯುವಂತಿಲ್ಲ. ಹೋಗುವಾಗ ತನ್ನ ಫೋನನ್ನೂ ಅಜ್ಜಿಯ ಮಡಿಲಲ್ಲಿಟ್ಟು, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು: “ಅಜ್ಜಿ, ಓಟ್ ಓಪನ್ ಆಗೋದು ಲಾಸ್ಟಲ್ಲಿ. ಎರಡರಲ್ಲೂ ಹಾಕು. ಅಲ್ಲೀತನಕ ಏಳಬೇಡ, ಪ್ರಾಮಿಸ್?”

“ಹೋಗ ನನ್ನವ್ವ. ಏಳೂದಿಲ್ಲ.”

ಕೊರಿಯಾದಲ್ಲಿ ಮಧ್ಯಾಹ್ನದ ಕಾರ್ಯಕ್ರಮ ಬೇಸಿಗೆಯಲ್ಲಿ ಆಕ್ಲೆಂಡಿಗೆ ಬರುವುದು ಏಳೂವರೆ ದಾಟಿ. ಹೊರಗೆ ಇನ್ನೂ ಬಿಸಿಲಿತ್ತು. ನನ್ನ ಗಂಡ ಗೋದಾಮಿನ ಸಂಜೆ ಪಾಳಿಯಲ್ಲಿದ್ದ. ನಾನು ಪಕ್ಕದ ಕೋಣೆಯಲ್ಲಿ, ಬೇರೊಂದು ವಿಷಯದ ಆನ್‌ಲೈನ್ ಪರೀಕ್ಷೆಗೆ ಕೂತಿದ್ದೆ. ಒಂದು ಗಂಟೆ, ಶುರು ಮಾಡಿದರೆ ನಿಲ್ಲಿಸುವಂತಿಲ್ಲ, ಪರದೆಯ ಮೂಲೆಯಲ್ಲಿ ಗಡಿಯಾರ ಇಳಿಯುತ್ತಿರುತ್ತದೆ.

ಕುಕ್ಕರ್ ಕೂಗಿದ ಹಾಗಾಯಿತು. ಒಲೆ ಆರಿಸಿದ್ದೇನಲ್ಲ ಎಂದು ಗಾಬರಿಯಾಗಿ ತಲೆಯೆತ್ತಿದೆ. ಕುಕ್ಕರ್ ಅಲ್ಲ, ಟಿವಿಯಲ್ಲಿ ಯಾವುದೋ ಹಾಡು ಸೀಟಿಯಿಂದ ಶುರುವಾಗಿತ್ತು. ಆಗ ಅತ್ತೆ ಕರೆದರು.

“ಏ, ಬಾ ಇಲ್ಲೆ ಒಂದೀಟು.”

“ಐದ ನಿಮಿಷ ತಡೀರಿ ಅತ್ತಿ.”

ಅವರು ಮತ್ತೆ ಕರೆಯಲಿಲ್ಲ.

ಪರೀಕ್ಷೆ ಒಪ್ಪಿಸಿ ಎದ್ದು ಹೋದಾಗ ಟಿವಿಯಲ್ಲಿ ಏಳು ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅಳುತ್ತಿದ್ದರು. ಹಾಡಬೇಕಾದವಳ ದನಿಯೇ ಹೊರಡುತ್ತಿಲ್ಲ. ಹಿಂದೆ ಉಳಿದವರು ಸರಿದು ಹೋಗುತ್ತಿದ್ದಾರೆ. ಅತ್ತೆ ಸೋಫಾದ ಕೈಗೆ ವಾಲಿದ್ದರು. ಮುಖದ ತುಂಬ ಬೆವರು, ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. ಎಡಗೈ ದವಡೆಯ ಮೇಲೆ, ಬಲಗೈ ಟ್ಯಾಬ್ಲೆಟ್ ಮೇಲೆ.

“ಯಾಕ್ರಿ ಅತ್ತಿ? ಏನಾತ್ರಿ?”

“ಹಾಕೀನಿ,” ಎಂದರು. “ಎರಡರಾಗೂ ಹಾಕೀನಿ ಅಂತ ಹೇಳ ಆಕಿಗೆ.”

ನನಗೆ ಅವರಾಡಿದ ಕಡೆಯ ಮಾತು ಅದು. ಆಂಬುಲೆನ್ಸ್ ಬಂತು. ಹೃದಯಾಘಾತ ಎಂದರು. ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸ್ವಲ್ಪ ಮೊದಲು ಕರೆತಂದಿದ್ದರೆ ಎಂದು ಕೇಳಿದೆ. ಡಾಕ್ಟರು, ಹಾಗೆಂದು ಯಾರೂ ಖಚಿತವಾಗಿ ಹೇಳಲಾರರು ಎಂದರು. ಆ ಪರೀಕ್ಷೆಯಲ್ಲಿ ನನಗೆ ಎ ಬಂತು. ಆರು ವರ್ಷದ ಓದಿನಲ್ಲಿ ಮೊದಲ ಎ.

ಆಮೇಲೆ ಭಾನುವಾರಗಳು ಕೆಟ್ಟವು. ಟಿವಿ ಹಚ್ಚುವವರು ಯಾರೂ ಇಲ್ಲ. ಆದರೂ ಸಂಜೆ ಬಿಸಿಲು ಗೋಡೆಯ ಮೇಲೆ ಆ ಎತ್ತರಕ್ಕೆ ಬಂದಾಗ ಪಕ್ಕದ ಕೋಣೆಯಿಂದ ಒಂದು ಸೀಟಿ, ಆಮೇಲೆ ಆ ದನಿ. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದೆ. ಬರಿ ಸೋಫಾ. ಕೆಲಸದಲ್ಲೂ ಅಷ್ಟೆ: ಯಾವ ಮುದುಕಿ ಬೆಲ್ ಒತ್ತಿದರೂ ಎಲ್ಲರಿಗಿಂತ ಮೊದಲು ನಾನಿರುತ್ತಿದ್ದೆ. ಜೊತೆಯವರು ಮೆಚ್ಚಿಕೊಂಡರು. ಪ್ರಬಂಧ ಮುಟ್ಟಲಾಗಲಿಲ್ಲ. ಮಾರ್ಗದರ್ಶಕಿ ಸಮಯ ಕೊಟ್ಟರು, ಇನ್ನೊಮ್ಮೆ ಕೊಟ್ಟರು. ಓದು ಬಿಡುವ ಅರ್ಜಿಯನ್ನು ನಾನು ತುಂಬಿ ಇಟ್ಟಿದ್ದೆ. ಅದೊಂದು ಪ್ರಬಂಧ ಕೊಡದಿದ್ದರೆ ಡಿಗ್ರಿ ಇಲ್ಲ, ಆರು ವರ್ಷ ನೀರಿಗೆ.

ಅರ್ಜಿ ಕಳಿಸುವ ಮೊದಲು ಒಂದನ್ನು ತಿಳಿಯಬೇಕಿತ್ತು. ಅವರು ಕರೆದು ನಾನು ಹೋಗುವ ತನಕ ಎಷ್ಟು ಹೊತ್ತಾಗಿತ್ತು? ನನ್ನ ನೆನಪಿನಲ್ಲಿ ನಾನಾಗ ಕೊನೆಯ ಪ್ರಶ್ನೆಯಲ್ಲಿದ್ದೆ. ಐದಲ್ಲದಿದ್ದರೆ ಹತ್ತು ನಿಮಿಷ. ಒಂದು ಶನಿವಾರ ಮಧ್ಯಾಹ್ನ ಆ ದಿನದ ಕಾರ್ಯಕ್ರಮದ ರೆಕಾರ್ಡಿಂಗ್ ಹಚ್ಚಿ, ಸೀಟಿಯ ಹಾಡನ್ನು ಹುಡುಕತೊಡಗಿದೆ. ಕೊನೆಯಿಂದ ಹಿಂದಕ್ಕೆ ಓಡಿಸಿದೆ. ಸಿಗಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಆ ಹಾಡುಗಳನ್ನು ಅವಳೂ ಕೇಳುವುದು ಬಿಟ್ಟು ತಿಂಗಳುಗಳಾಗಿದ್ದವು.

“ವಾಟ್ ಆರ್ ಯೂ ಲುಕಿಂಗ್ ಫಾರ್?”

“ಸೀಟಿ ಹೊಡ್ಯೂ ಹಾಡು. ಗಂಡು ಹುಡುಗೂರದು.”

“ಅಮ್ಮಾ, ದಟ್ಸ್ ಅ ರೂಕಿ ಗ್ರೂಪ್. ಹೊಸಬರನ್ನ ಫಸ್ಟೇ ಮುಗಿಸ್ತಾರೆ. ದೊಡ್ಡೋರು ಲಾಸ್ಟ್. ಆಲ್‌ವೇಸ್.”

ಅವಳೇ ರಿಮೋಟ್ ತೆಗೆದುಕೊಂಡು ಶುರುವಿಗೆ ಹೋದಳು. ಮೂರನೆಯ ಹಾಡು. ಸೀಟಿ. ಕಾರ್ಯಕ್ರಮ ಶುರುವಾಗಿ ಹನ್ನೊಂದು ನಿಮಿಷವಾಗಿತ್ತು ಅಷ್ಟೆ. ಆಮೇಲೆ ಅವಳು ಅಜ್ಜಿಯ ಟ್ಯಾಬ್ಲೆಟ್ಟಿಗೆ ಚಾರ್ಜ್ ಹಾಕಿ ಆ್ಯಪ್ ತೆರೆದಳು. ಓಟು ಹಾಕಿದ ಹೊತ್ತು ಅದರಲ್ಲಿ ಉಳಿದಿರುತ್ತದೆ. ಸೀಟಿಗೂ ಓಟಿಗೂ ನಡುವೆ ನಲವತ್ತು ನಿಮಿಷ. ಓಟಿನಿಂದ ನಾನು ಬಾಗಿಲಿಗೆ ಬಂದ ಹೊತ್ತಿಗೆ ಇನ್ನೂ ಹದಿನೈದು.

ನಾವಿಬ್ಬರೂ ಆ ಐವತ್ತೈದು ನಿಮಿಷವನ್ನು ಪೂರ್ತಿ ನೋಡಿದೆವು. ಹಾಡಿನ ಮೇಲೆ ಹಾಡು ಬಂದವು. ಪ್ರತಿ ಹಾಡಿನ ಕೊನೆಗೆ ಕ್ಯಾಮೆರಾ ಒಬ್ಬರ ಮುಖದ ಹತ್ತಿರ ಹೋಗಿ ನಿಲ್ಲುತ್ತದೆ, ಅವರು ಏದುಸಿರು ಬಿಡುತ್ತ ನಮ್ಮನ್ನೇ ನೋಡುತ್ತಾರೆ. ಒಂದೊಂದು ಮುಖ ಬಂದಾಗಲೂ ನಾನು ಯೋಚಿಸಿದೆ: ಈ ಮುಖ ನೋಡುವಾಗ ಅವರಿಗೆ ನೋವಿತ್ತೇ? ಈ ಮುಖಕ್ಕೆ? ಕನ್ನಡಕ ಸಿಗದೆ ಕರೆದಿದ್ದರೋ, ಎದೆ ಹಿಡಿದು ಕರೆದಿದ್ದರೋ ಗೊತ್ತಿಲ್ಲ. ಏಳುವುದಿಲ್ಲ ಎಂದು ಮೊಮ್ಮಗಳಿಗೆ ಮಾತು ಕೊಟ್ಟಿದ್ದರು. ತಡೆಯಿರಿ ಎಂದು ಸೊಸೆ ಹೇಳಿದ್ದಳು. ಕೂತರು. ಇಷ್ಟು ಮಾತ್ರ ಗೊತ್ತು.

ಮಗಳು ಟಿವಿ ಆರಿಸಿ ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಬಿಡುವ ಅರ್ಜಿಯನ್ನು ಹರಿದು ಹಾಕಿದೆ. ಸಮಾಧಾನವಾಗಿ ಅಲ್ಲ. ಆ ಐವತ್ತೈದು ನಿಮಿಷವನ್ನು ನಾನು ಯಾವುದಕ್ಕೆ ತೆಗೆದುಕೊಂಡಿದ್ದೆನೋ ಅದನ್ನಾದರೂ ಮುಗಿಸದೆ ಬಿಟ್ಟರೆ, ಅದು ಯಾವುದಕ್ಕೂ ಅಲ್ಲದೆ ಹೋದ ಹಾಗಾಗುತ್ತಿತ್ತು. ಪ್ರಬಂಧದ ನಡುವೆ ಆ ದಿನದ ಹಾಡುಗಳ ಕ್ರಮವನ್ನೇ ಪಟ್ಟಿ ಮಾಡಿ ಇಟ್ಟೆ. ಎಡಕ್ಕೆ ಕೊರಿಯಾದ ವೇದಿಕೆಯಲ್ಲಿ ಆದದ್ದು, ಬಲಕ್ಕೆ ನಮ್ಮ ಮನೆಯಲ್ಲಿ ಆದದ್ದು. ಬಲಗಡೆ ಸೀಟಿಯ ಹಾಡಿನ ಎದುರು, ಅವರು ಕರೆದರು, ನಾನು ಹೋಗಲಿಲ್ಲ ಎಂದು ಬರೆದೆ. ಅದರ ಕೆಳಗೆ ಒಂಬತ್ತು ಹಾಡಿನವರೆಗೆ ಖಾಲಿ ಬಿಟ್ಟೆ.

ನನ್ನ ಇಂಗ್ಲಿಷ್ ತಿದ್ದುವುದು ಗಂಡನ ಕೆಲಸ. ಆರು ವರ್ಷ ಕೆಂಪು ಪೆನ್ನು ಹಿಡಿದು, “ಇಲ್ಲಿ ಒಂದು ‘ದಿ’ ಬರತೈತಿ ನೋಡ,” ಎನ್ನುತ್ತ ತಿದ್ದಿದವನು. ಅವನಿಗೆ ನಾನು ಬಾಯಿಬಿಟ್ಟು ಹೇಳದ ಸಂಗತಿಯೂ ಅದರಲ್ಲೇ ಇತ್ತು. ಕೊಟ್ಟೆ. ಎರಡು ದಿನದ ಮೇಲೆ ಹಾಳೆಗಳು ಮೇಜಿನ ಮೇಲಿದ್ದವು. ಒಂದೂ ಕೆಂಪು ಗೆರೆ ಇರಲಿಲ್ಲ. ತಿದ್ದದೆಯೇ ಒಪ್ಪಿಸಿದೆ. ತಿಂಗಳುಗಟ್ಟಲೆ ನಾವು ಉಪ್ಪು, ಹಾಲು, ಕಾರಿನ ತಪಾಸಣೆ ಇಷ್ಟನ್ನೇ ಮಾತಾಡಿಕೊಂಡೆವು.

ಪದವಿ ಪ್ರದಾನದ ದಿನ ಬಾಡಿಗೆಯ ಕಪ್ಪು ಗೌನಿನ ಒಳಗೆ ಇಳಕಲ್ ಸೀರೆ ಉಟ್ಟಿದ್ದೆ. ನನ್ನ ಹೆಸರು ಕೂಗಿದರು. ನಡೆದು ಹೋದೆ. ನಮ್ಮ ಮನೆತನದಲ್ಲಿ ಆ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೇಲಿನ ಸಾಲಿನಲ್ಲೆಲ್ಲೋ ಮಗಳು ಎರಡೂ ಕೈ ಬಾಯಿಗಿಟ್ಟು ಕೂಗಿದ್ದು ಕೇಳಿಸಿತು. ಕೈಗೆ ಪ್ರಮಾಣಪತ್ರ ಬಂತು.

ಹೊರಗೆ ಬಂದಾಗ ಗಂಡ ಒಬ್ಬನೇ ಕಂಬದ ಹತ್ತಿರ ನಿಂತಿದ್ದ. ಪ್ರಮಾಣಪತ್ರವನ್ನು ಅವನಿಗೆ ಕೊಟ್ಟೆ. ಅಂಗೈ ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಮೇಲಿನ ಸಾಲಿನಿಂದ ಕೊನೆಯ ಸಹಿಯ ತನಕ ಓದಿದ. ಆಮೇಲೆ, ಅದರ ಮೇಲಿಂದ ಕಣ್ಣು ತೆಗೆಯದೆ ಹೇಳಿದ:

“ಅವತ್ತ ನೀ ಹೋಗಲಿಲ್ಲಂತ ಬರದೀಯಲ್ಲ, ಅದರ ಕೆಳಗ ಖಾಲಿ ಬಿಟ್ಟೀ. ಅದು ಖಾಲಿ ಅಲ್ಲ. ಅವ್ವ ನನಗ ಎರಡ ಸಲ ಫೋನ್ ಮಾಡಿದ್ಲು. ನಾ ಎತ್ತಲಿಲ್ಲ.”