ಫುಕುಶಿಮಾಕ್ಕೆ ಹೊರಟ ಪುಳಿಯೋಗರೆ

ಸಿಂಗಪುರದ ಕನ್ನಡಿಗರ ಮುಂದೆ ಈಚೆಗೆ ಬಂದ ಅತ್ಯಂತ ಗಹನವಾದ ಪ್ರಶ್ನೆ ಇದು: ಅಣುದುರಂತ ನಡೆದ ಊರನ್ನು ನೋಡಲು ಹೋದವರು ಮಧ್ಯಾಹ್ನ ಬಿಸಿ ಸಾರು ಉಣ್ಣಬೇಕೋ, ತಣ್ಣನೆಯ ಪುಳಿಯೋಗರೆ ತಿನ್ನಬೇಕೋ? ಇದಕ್ಕಾಗಿ ಸಭೆ ಸೇರಿತು, ಭಾಷಣಗಳಾದವು, ಕೈ ಎತ್ತಿಸಿ ಮತ ಎಣಿಸಿದರು. ವಿಕಿರಣದ ಬಗ್ಗೆ ಅದರ ಅರ್ಧದಷ್ಟೂ ಚರ್ಚೆ ನಡೆಯಲಿಲ್ಲ.

ಪ್ರಶ್ನೆಯ ಕೇಂದ್ರಬಿಂದುವಾದ ಹರಿಣಾಕ್ಷಿ ಈಗ ಜುರಾಂಗ್ ಈಸ್ಟ್‌ನ ಹನ್ನೊಂದನೇ ಮಹಡಿಯ ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುತ್ತಿದ್ದಾರೆ. ಹೊರಗೆ ಆಗಷ್ಟೇ ಬೆಳಕು ಹರಿಯುತ್ತಿದೆ. ಜುರಾಂಗ್ ಐಲ್ಯಾಂಡ್‌ಗೆ ಹೋಗುವ ಕಂಪನಿ ಬಸ್ಸಿಗಾಗಿ ಶೂ ಹಾಕಿಕೊಳ್ಳುತ್ತಿರುವ ಗಂಡ ಶೀನ ಕಣ್ಣೊರೆಸಿಕೊಳ್ಳುತ್ತಾರೆ. "ಪಕ್ಕದ್ಮನೆ ಚೈನೀಸ್ ಆಂಟಿ ಕೆಮ್ಮೋದು ಕೇಳ್ತಾ ಇದೆಯಾ ಮಾರಾಯ್ತಿ?"

"ಕೆಮ್ಮಲಿ. ಮಧ್ಯಾಹ್ನ ಡಬ್ಬ ಹಿಡ್ಕೊಂಡು ಅವಳೇ ಬರ್ತಾಳೆ," ಎನ್ನುತ್ತಾರೆ ಹರಿಣಾಕ್ಷಿ.

ಉಡುಪಿ ಬಳಿಯ ಕಾಪುವಿನಲ್ಲಿ ಹುಟ್ಟಿದ, ಐವತ್ತಮೂರರ ಹರಿಣಾಕ್ಷಿಯವರದು ಪ್ರವಾಸದ ಅಡುಗೆ. ಪಾಯಾ ಲೆಬಾರ್‌ನಲ್ಲಿ ಪುಟ್ಟ ಕಚೇರಿ ಇಟ್ಟುಕೊಂಡಿರುವ ಅಮಿತಾ ಶುದ್ಧ ಸಸ್ಯಾಹಾರಿಗಳಿಗಾಗಿ ಪ್ರವಾಸ ನಡೆಸುತ್ತಾರೆ. ಗುಂಪಿನ ಹಿಂದೆ ಕುಕ್ಕರ್, ಒಗ್ಗರಣೆ ಸೌಟು, ಸಾರಿನಪುಡಿ ಸಮೇತ ಹರಿಣಾಕ್ಷಿ ಹೊರಡುತ್ತಾರೆ. ಇಪ್ಪತ್ತೆರಡು ಜನ, ಮೂರು ಹೊತ್ತು, ಪ್ರತಿ ಸಲವೂ ಅಪರಿಚಿತ ಒಲೆ. ಕರಪತ್ರದಲ್ಲಿ ಬಸ್ಸಿನ ಫೋಟೊ ಇದೆ, ಅವರದಿಲ್ಲ. "ಜಪಾನಲ್ಲಿ ಫಸ್ಟ್ ಟೈಮ್ ಒಗ್ಗರಣೆ ಹಾಕಿದಾಗ ಫೈರ್ ಅಲಾರಂ ಹೊಡ್ಕೊಳ್ತು. ಲಾಡ್ಜ್ ಮ್ಯಾನೇಜರ್ ಓಡಿ ಬಂದು ನಂಗೇ ಬಗ್ಗಿ ಬಗ್ಗಿ ಸಾರಿ ಹೇಳಿದ. ನಾನೂ ಬಗ್ಗಿದೆ. ಅಷ್ಟರಲ್ಲಿ ಇಂಗು ಸೀದೋಯ್ತು."

ಅಮಿತಾರ ಪ್ರವಾಸಗಳಲ್ಲಿ ಬೇಗ ಭರ್ತಿಯಾಗುವುದು ಫುಕುಶಿಮಾ. 2011ರಲ್ಲಿ ಭೂಕಂಪ, ಸುನಾಮಿ, ಅದರ ಬೆನ್ನಿಗೇ ಅಣುಸ್ಥಾವರದ ದುರಂತ; ಸುತ್ತಲಿನವರು ಉಟ್ಟ ಬಟ್ಟೆಯಲ್ಲೇ ಹೊರಟುಬಿಟ್ಟರು. ಅಂಥ ಒಂದು ಊರಿನ ಸ್ವಲ್ಪ ಭಾಗಕ್ಕೆ ಈಗ ಜನ ಮರಳಿದ್ದಾರೆ, ಉಳಿದದ್ದು ಹಾಗೇ ಖಾಲಿ. ಹರಿಣಾಕ್ಷಿ ಅಲ್ಲಿಗೆ ನಾಲ್ಕು ಸಲ ಹೋಗಿದ್ದರೂ ಊರನ್ನು ಮಾತ್ರ ನೋಡಿರಲಿಲ್ಲ. ಗುಂಪು ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಬಿಸಿ ಊಟಕ್ಕೆ ಲಾಡ್ಜಿಗೆ ಮರಳಬೇಕು, ಅಷ್ಟರಲ್ಲಿ ಊಟ ಸಿದ್ಧವಿರಬೇಕು.

"ಬಂದೋರೆಲ್ಲ ವಿಕಿರಣ ಇಷ್ಟು ಮೈಕ್ರೋಸೀವರ್ಟ್ ಅಂತಾರೆ, ನಿಂತುಹೋದ ಗಡಿಯಾರ ಅಂತಾರೆ. ನಂಗೆ ಬೇಕಾಗಿದ್ದು ಒಂದೇ. ಹೊರಡುವಾಗ ಗ್ಯಾಸ್ ಆಫ್ ಮಾಡಿದ್ರಾ? ಒಲೆ ಮೇಲೆ ಏನಿತ್ತು? ಅದನ್ನ ಯಾರೂ ಕೇಳ್ಕೊಂಡೇ ಬರಲ್ಲ. ಒಂದ್ಸಲ ನಾನೇ ಹೋಗ್ಬೇಕು ಅಂತ ಅಮಿತಾಗೆ ಹೇಳ್ದೆ."

ಅಮಿತಾ ದಾರಿ ಹುಡುಕಿದರು: ಬೆಳಿಗ್ಗೆಯೇ ಪುಳಿಯೋಗರೆ ಕಲಸಿ ಡಬ್ಬಕ್ಕೆ ತುಂಬಿದರೆ ಅಡುಗೆಯವರೂ ಬಸ್ ಹತ್ತಬಹುದು. ಆದರೆ ಗುಂಪು ಒಪ್ಪಬೇಕಲ್ಲ. ಜುರಾಂಗ್ ಈಸ್ಟ್‌ನ ಫ್ಲ್ಯಾಟುಗಳ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್‌ನಲ್ಲಿ ಸಭೆ ಕರೆದರು. ಜುರಾಂಗ್ ಐಲ್ಯಾಂಡ್‌ನಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದ ಮೈಸೂರಿನ ಸೇತುರಾಮ ಮೊದಲು ಎದ್ದರು. "ರಿಯಾಕ್ಟರ್ ತಣ್ಣಗಿರಬೇಕು, ಸಾರು ಬಿಸಿ ಇರಬೇಕು. ಇದರಲ್ಲಿ ಕಾಂಪ್ರಮೈಸ್ ಇಲ್ಲ."

"ಮನೇಲಿ ದಿನಾ ಕುಡೀತೀರಲ್ಲ, ಒಂದು ದಿನ ಸಾರಿಗೂ ರಜಾ ಕೊಡಿ," ಎಂದರು ಪತ್ನಿ ಪದ್ಮಜಾ.

"ಅಲ್ಲ ಕಣೆ, ಉಡುಪಿ ಕಡೆಯವರಿಗೆ ಪುಳಿಯೋಗರೆ ಹೆಂಗೆ ಬರತ್ತೆ? ಎಲ್ಲದಕ್ಕೂ ತೆಂಗಿನಕಾಯಿ ಸುರೀತಾರೆ."

ಹರಿಣಾಕ್ಷಿ ಡಬ್ಬ ಮುಂದಿಟ್ಟರು. ಸೇತುರಾಮ ಒಂದು ತುತ್ತು ತಿಂದರು, ಇನ್ನೊಂದು ತಿಂದರು. "ಏನೋ ಒಂದು ಬೇರೆ ವಾಸನೆ ಇದೆ," ಎಂದು ಮೂರನೆಯದಕ್ಕೆ ಕೈ ಹಾಕಿದರು. ಮಗಳು ಶ್ರೀಯಾ ಡಬ್ಬ ಕಸಿದುಕೊಂಡಳು. "ಅಪ್ಪಾ, ಪುಳಿಯೋಗರೆ ಕ್ಯಾನ್ ಲಾ!" ಎಂದು ಸಿಂಗಪುರದ ಇಂಗ್ಲಿಷಿನಲ್ಲೇ ಒಪ್ಪಿಗೆ ಕೊಟ್ಟಳು. ಕೈಗಳು ಎದ್ದವು. ಸಾರು ಸೋತಿತು.

ಆ ಬೇರೆ ವಾಸನೆ ಏನೆಂದು ತಿಳಿದದ್ದು ಪ್ರವಾಸ ಹೊರಟ ಮೇಲೆ, ಮಾರ್ಚ್‌ನಲ್ಲಿ. ಬೆಳಿಗ್ಗೆಯಿಡೀ ಹರಿಣಾಕ್ಷಿ ಆ ಊರಿನಲ್ಲಿ ಓಡಾಡಿದರು. ಅಂಗಡಿಯ ಬಾಗಿಲಲ್ಲಿ ಗಿಡ ಬೆಳೆದಿತ್ತು, ಶಾಲೆಯ ಅಂಗಳದಲ್ಲಿ ಸೈಕಲ್‌ಗಳು ತುಕ್ಕು ಹಿಡಿದಿದ್ದವು, ಮನೆಗಳ ಒಳಗೆ ಕಾಲಿಡುವಂತಿರಲಿಲ್ಲ. ಕಿಟಕಿ ಕಂಡಲ್ಲೆಲ್ಲ ಅವರು ಇಣುಕಿದರು. ಗಾಜಿನ ಮೇಲೆ ಧೂಳು, ಏನೂ ಕಾಣಲಿಲ್ಲ. ಮಧ್ಯಾಹ್ನ ಚಳಿಗಾಳಿಯಲ್ಲಿ ನಿಂತು ಎಲ್ಲರೂ ಡಬ್ಬ ತೆರೆದರು. ಅನ್ನ ಇಟ್ಟಿಗೆಯಾಗಿತ್ತು. ಕರಾವಳಿಯ ಅಭ್ಯಾಸದಂತೆ ಹರಿಣಾಕ್ಷಿ ಗೊಜ್ಜನ್ನು ತೆಂಗಿನೆಣ್ಣೆಯಲ್ಲಿ ಕುದಿಸಿದ್ದರು. ಸಿಂಗಪುರದಲ್ಲಿ ವರ್ಷವಿಡೀ ನೀರಿನಂತಿರುವ ಆ ಎಣ್ಣೆ ಇಲ್ಲಿ ಮೇಣವಾಗಿ ಕೂತಿತ್ತು. ಸೇತುರಾಮರ ಚಮಚ ಬಾಗಿತು.

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಫೋನಲ್ಲಿ ಹೇಳಿದ್ರೆ ನಮ್ಮನೆಯವ್ರು, ಊರಲ್ಲಿ ಡಿಸೆಂಬರ್‌ಗೆ ತಲೆ ಎಣ್ಣೆ ಗಟ್ಟಿಯಾಗೋದು ಮರೆತೋಯ್ತಾ ಅಂತ ನಗ್ತಾರೆ."

ಗುಂಪಿಗೆ ದಾರಿ ತೋರಿಸುತ್ತಿದ್ದವರು ಆ ಊರಿಗೆ ಮರಳಿ ಬಂದ ಕೆಲವರಲ್ಲಿ ಒಬ್ಬರಾದ ಫುಮಿಕೊ. ಅವರು ಡಬ್ಬ ಬಗ್ಗಿ ನೋಡಿ, ಎಲ್ಲರನ್ನೂ ತಮ್ಮ ಹೊಸ ಮನೆಗೆ ಕರೆದೊಯ್ದರು. ಹೀಗೆ ಹರಿಣಾಕ್ಷಿ ಆ ಊರಿನ ಒಂದು ಅಡುಗೆಮನೆಯೊಳಗೆ ಕಾಲಿಟ್ಟರು. ಬಾಣಲೆಯಲ್ಲಿ ಪುಳಿಯೋಗರೆ ಬಿಸಿಮಾಡುತ್ತಲೇ, ಜಪಾನಿ ಬಲ್ಲ ಅಮಿತಾರ ಮೂಲಕ ಕೇಳಿದರು: ಅವತ್ತು ಒಲೆಯ ಮೇಲೆ ಏನಿತ್ತು?

ಫುಮಿಕೊ ನಕ್ಕರು. ಇಷ್ಟು ವರ್ಷಗಳಲ್ಲಿ ಯಾವ ಪ್ರವಾಸಿಯೂ ಇದನ್ನು ಕೇಳಿರಲಿಲ್ಲವಂತೆ. ಅವರ ಉತ್ತರವನ್ನು ಹರಿಣಾಕ್ಷಿ ತಮ್ಮ ಮಾತಲ್ಲೇ ಹೇಳುತ್ತಾರೆ. "ಮೂಲಂಗಿ! ಭೂಕಂಪ ಆದ ತಕ್ಷಣ ಗ್ಯಾಸ್ ತಾನೇ ನಿಂತೋಯ್ತಂತೆ, ಮೂಲಂಗಿ ಅರ್ಧ ಬೆಂದಿತ್ತಂತೆ. ಮಾರನೇ ದಿನ ಊರು ಬಿಡಿ ಅಂದಾಗ, ಎರಡು ದಿನಕ್ಕೆ ವಾಪಸ್ ಬರ್ತೀವಲ್ಲ ಅಂತ ಮುಚ್ಚಳ ಮುಚ್ಚಿ ಹೊರಟ್ರಂತೆ. ಅವಳ ಅತ್ತೆ ಬಸ್ಸಲ್ಲಿ ಕೂತು ಮೂಲಂಗಿ ಹಾಳಾಗತ್ತೆ, ಮೂಲಂಗಿ ಹಾಳಾಗತ್ತೆ ಅಂತ ಒಂದೇ ಜಪ. ಆಮೇಲೂ ವರ್ಷಗಟ್ಟಲೆ ಬೈದ್ರಂತೆ. ಸ್ಥಾವರಕ್ಕಲ್ಲ, ಸೊಸೆಗೆ! ನಾನು ಹೇಳ್ದೆ, ಫುಮಿಕೊ ಸಾನ್, ನಮ್ಮತ್ತೆನೂ ಹಾಗೇನೇ."

ಆ ಪಾತ್ರೆ ಏನಾಯಿತೆಂದೂ ಅವರು ಕೇಳಿದರು. ಮನೆ ಕೆಡವಿದಾಗ ಅದರ ಜೊತೆಗೇ ಹೋಯಿತು ಎಂದರು ಫುಮಿಕೊ. ಹರಿಣಾಕ್ಷಿ ಮೊದಲ ತಟ್ಟೆ ಅವರಿಗೇ ಬಡಿಸಿದರು.

ಬಿಸಿಯಾದ ಮೇಲೆ ಪುಳಿಯೋಗರೆ ಉಳಿಯಲಿಲ್ಲ. ಲಾಡ್ಜಿಗೆ ಮರಳುವ ದಾರಿಯಲ್ಲಿ ಮೈಕ್ರೋಸೀವರ್ಟ್ ಬಗ್ಗೆ ಮಾತಾಡಿದ್ದು ಸೇತುರಾಮ ಒಬ್ಬರೇ. ಉಳಿದವರದೆಲ್ಲ ಅತ್ತೆಯಂದಿರ ವಿಷಯ.

ಅಕ್ಟೋಬರ್ ಪ್ರವಾಸಕ್ಕೆ ಹರಿಣಾಕ್ಷಿಯವರಿಗೂ ಬಸ್ಸಿನಲ್ಲಿ ಸೀಟು ಕಾದಿರಿಸಲಾಗಿದೆ. ಗೊಜ್ಜಿಗೆ ಈ ಸಲ ಚಳಿಗೆ ಹೆಪ್ಪುಗಟ್ಟದ ಎಳ್ಳೆಣ್ಣೆ.