ಅವ್ವ ಕಂಡ ಅಕ್ಕಿ ಪಡಾವುಗಳು

ಅವ್ವನಿಗೆ ಜ್ವರ ಬಂದು, ರಕ್ತದಲ್ಲಿ ಸೋಡಿಯಂ ಇಳಿದು, ಮುಲುಂಡಿನ ಆಸ್ಪತ್ರೆಯೊಂದರಲ್ಲಿ ಒಂದು ವಾರ ಇರಿಸಬೇಕಾಯಿತು. ಮೊದಮೊದಲು ನನ್ನನ್ನು ತನ್ನ ಅಕ್ಕನೆಂದೂ ನರ್ಸನ್ನು ತನ್ನ ಅತ್ತೆಯೆಂದೂ ಕರೆದಳು. ಔಷಧಿ ಹಿಡಿದ ಮೇಲೆ ಎಲ್ಲರ ಗುರುತು ಸಿಕ್ಕಿತು. ಮನೆಗೆ ಬಂದ ದಿನ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಬೈದಾಗ, ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆಯೇ ಎನಿಸಿತು.

ಆಸ್ಪತ್ರೆ ಬಿಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ಒಂದು ಮಾತು ಹೇಳಿದ್ದರು. ಈ ವಯಸ್ಸಿನಲ್ಲಿ ಇಂಥ ಕಾಯಿಲೆಯ ಬೆನ್ನಿಗೆ ಕೆಲವರಿಗೆ ಮರೆವಿನ ರೋಗ ಕಾಣಿಸಿಕೊಳ್ಳುತ್ತದೆ. ಮರೆಯುವುದಷ್ಟೇ ಅಲ್ಲ, ಎಂದೂ ನಡೆಯದೆ ಇದ್ದದ್ದನ್ನು ನಡೆಯಿತೆಂದು ನಂಬಿಕೆಯಿಂದ ಹೇಳುತ್ತಾರೆ. ಅಂಥದ್ದೇನಾದರೂ ಕಂಡರೆ ಮುಂದಿನ ತಿಂಗಳು ಬಂದಾಗ ಹೇಳಿ ಎಂದಿದ್ದರು.

ಕಂಡಿತು. ಅವ್ವ ಬಾಲ್ಕನಿಯಲ್ಲಿ ಕೂತು, ಕೆಳಗಿನ ಕಿರಾಣಿ ಅಂಗಡಿಗೆ ಟೆಂಪೋದಿಂದ ಅಕ್ಕಿ ಇಳಿಸುವುದನ್ನು ನೋಡುತ್ತಿದ್ದಳು.

"ಈಗ ಎಲ್ಲಾ ಗಾಡಿ ಮ್ಯಾಲೆ," ಅಂದಳು. "ಆವಾಗ ಅಕ್ಕಿ ಪಡಾವಿನ್ಯಾಗ ಹೋಗ್ತಿತ್ತು."

"ಪಡಾವು ಅಂದ್ರ?"

"ದೊಡ್ಡ ದೋಣಿ. ಹಾಯಿ ಇರ್ತಿತ್ತು. ನಮ್ಮ ಮನೀ ಮುಂದ ನದಿ ಇತ್ತಲ್ಲ. ನದಿ ಹಿಂದಕ್ಕ ಹರಿಯುವಾಗ ಖಾಲಿ ಪಡಾವು ಬರ್ತಿದ್ವು. ಚೀಲ ತುಂಬಿಸ್ಕೊಂಡು ಕೂತಿರ್ತಿದ್ವು. ನದಿ ಮತ್ತ ಮುಂದಕ್ಕ ಹರಿಯಾಕ ಹತ್ತಿತಂದ್ರ ಮುಂಬೈಗೆ ಹೋಗಿಬಿಡ್ತಿದ್ವು."

ಡಾಕ್ಟರ ಮಾತು ನೆನಪಾಯಿತು. ಅವ್ವ ಬೆಳೆದದ್ದು ಧಾರವಾಡದಲ್ಲಿ, ಸೋದರಮಾವನ ಮನೆಯಲ್ಲಿ. ಆ ಊರಿನಲ್ಲಿ ಕೆರೆಗಳಿವೆ, ಹಾಯಿ ಕಟ್ಟಿದ ದೋಣಿ ಓಡುವ ನದಿ ಇಲ್ಲ. ಹಾಗಿರುವಾಗ ಹಿಂದಕ್ಕೆ ಹರಿಯುವ ನದಿ ಎಲ್ಲಿಂದ ಬರಬೇಕು? ಅವಳ ಅಪ್ಪ ಎಲ್ಲೋ ಒಂದು ಮಿಲ್ಲಿನಲ್ಲಿ ದುಡಿಯುತ್ತಿದ್ದರು, ತಾಯಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಳು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು.

ಮಲಾಡಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. "ಅಕ್ಕಾ, ನದಿ ಎಲ್ಲೆರೆ ಹಿಂದಕ್ಕ ಹರೀತದೇನು? ಡಾಕ್ಟರ್ ಹೇಳಿದ್ದು ಇದನ್ನ. ನೀ ಒಪ್ಪಿಕೋ," ಅಂದ. ದಿನವಿಡೀ ಅವ್ವನ ಜೊತೆ ಇರುವ ಒಬ್ಬ ಕೆಲಸದ ಹೆಂಗಸನ್ನು ಹುಡುಕುತ್ತೇನೆಂದೂ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನನಗೂ ಅದೇ ಹೆದರಿಕೆ. ಆದರೆ ಅವ್ವ ಬೇರೆ ಯಾವುದರಲ್ಲೂ ತಪ್ಪುತ್ತಿರಲಿಲ್ಲ. ಗ್ಯಾಸಿನವನು ಬಂದಿದ್ದು, ನೀರು ಬರುವ ಹೊತ್ತು, ಸೊಸೆಯ ಹುಟ್ಟಿದ ದಿನ, ಎಲ್ಲ ನೆನಪಿತ್ತು. ಪಡಾವಿನ ಮಾತನ್ನೂ ಪ್ರತಿ ಸಲ ಒಂದೇ ರೀತಿ ಹೇಳುತ್ತಿದ್ದಳು.

ದಾದರಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಮರಾಠಿ ಗೆಳತಿಗೆ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇದನ್ನು ಹೇಳಿದೆ. ಅವಳು ನಗಲಿಲ್ಲ. "ಮಸೀದ್ ಸ್ಟೇಶನ್ ಹತ್ತಿರದ ಧಾನ್ಯದ ಗೋದಾಮುಗಳ ಜಾಗಕ್ಕೆ ದಾಣಾ ಬಂದರ್ ಅನ್ನೋದು ಯಾಕೆ? ಬಂದರು ಅಂದ ಮೇಲೆ ಅಲ್ಲಿಗೆ ಕಾಳು ದೋಣಿಯಲ್ಲೇ ಬಂದಿರಬೇಕಲ್ಲ?" ಎಂದಳು. ಆ ಹೆಸರನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದರೊಳಗೆ ಒಂದು ಬಂದರಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಶನಿವಾರ ಅಲ್ಲಿಗೆ ಹೋದೆ. ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು, ಬೇಳೆಯ ಮಾದರಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕ ವ್ಯಾಪಾರಿಯನ್ನು ವಿಚಾರಿಸಿದೆ. ಅವರು ಗುಜರಾತಿ. ನಾನು ಏನನ್ನೂ ಕೊಳ್ಳುವವಳಲ್ಲ ಎಂದು ತಿಳಿದ ಮೇಲೂ ಸ್ಟೂಲು ಎಳೆದು ಕೂರಿಸಿದರು. ಅವರ ಅಪ್ಪನ ಕಾಲದಲ್ಲಿ ಕಲ್ಯಾಣ, ಭಿವಂಡಿ, ಪನ್ವೇಲ್ ಕಡೆಯ ಖಾಡಿಗಳ, ಅಂದರೆ ಕಡಲು ಸೇರುವ ನದಿಗಳ, ದಂಡೆಯಲ್ಲಿ ಅಕ್ಕಿ ಮಿಲ್ಲುಗಳಿದ್ದವಂತೆ. ಅಲ್ಲಿಂದ ಹಾಯಿದೋಣಿಗಳಲ್ಲಿ ಅಕ್ಕಿ ಇಲ್ಲಿಗೆ ಬರುತ್ತಿತ್ತು. ಆಮೇಲೆ ರಸ್ತೆಗಳಾದವು, ಸೇತುವೆಗಳಾದವು, ಲಾರಿಗಳು ಬಂದವು. ದೋಣಿಗಳು ಕೆಲವು ವರ್ಷ ಉಸುಕು ಹೊತ್ತವು, ಕಡೆಗೆ ಅದೂ ನಿಂತಿತು.

ಅರ್ಧ ಭಾರ ಇಳಿದಂತಾಯಿತು. ಅಕ್ಕಿಯ ಪಡಾವು ಸುಳ್ಳಲ್ಲ. ಆದರೆ ಅದನ್ನು ಅವ್ವ ನೋಡಿದ್ದಳೇ, ಯಾರ ಬಾಯಿಂದಲೋ ಕೇಳಿದ್ದಳೇ? ಹಿಂದಕ್ಕೆ ಹರಿಯುವ ನದಿಯಂತೂ ಹಾಗೇ ಉಳಿದಿತ್ತು.

ಮನೆಗೆ ಬಂದು, "ಅವ್ವಾ, ನಿಮ್ಮ ಮನೀ ಕಲ್ಯಾಣದಾಗ ಇತ್ತೇನು?" ಎಂದು ಕೇಳಿದೆ.

"ಹೂಂ. ಅಲ್ಲೇ ಸಮೀಪ. ಅಪ್ಪ ಚೀಲದ ಬಾಯಿ ಹೊಲೀತಿದ್ರು, ಅಕ್ಕಿ ಗಿರಣಿಯೊಳಗ," ಎಂದು, ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಹೇಳುವವಳಂತೆ ಹೇಳಿದಳು.

ಮರುದಿನ ರವಿವಾರ. ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗಿ, ರಿಕ್ಷಾದವನಿಗೆ ಖಾಡಿಯ ದಂಡೆಗೆ ಬಿಡೆಂದೆ. ಅಲ್ಲಿ ಮಿಲ್ಲೂ ಇರಲಿಲ್ಲ, ಪಡಾವೂ ಇರಲಿಲ್ಲ. ಹೊಸ ಬಿಲ್ಡಿಂಗುಗಳ ಹಿಂದೆ ಹಳೆಯ ಹೆಂಚಿನ ಮನೆಗಳ ಒಂದು ಸಾಲು ಉಳಿದಿತ್ತು. ಒಂದು ಮನೆಯ ಮುಂದೆ ಅವ್ವನ ವಯಸ್ಸಿನ ಹೆಂಗಸೊಬ್ಬಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನನ್ನ ಮುರುಕು ಮರಾಠಿಯಲ್ಲಿ, ಅಕ್ಕಿ ಒಯ್ಯುವ ಪಡಾವುಗಳು ಇಲ್ಲಿ ನಿಲ್ಲುತ್ತಿದ್ದವೇ ಎಂದು ಕೇಳಿದೆ.

ಅವಳು ತಾನು ಕೂತಿದ್ದ ಹಲಗೆಯನ್ನು ತಟ್ಟಿ ತೋರಿಸಿದಳು. "ಇದು ಅದರದ್ದೇ. ನನ್ನ ಮಾವನ ಪಡಾವು."

ದಪ್ಪನೆಯ ಸಾಗುವಾನಿ ಹಲಗೆ, ಅಂಚಿನಲ್ಲಿ ಮೊಳೆಯ ತೂತುಗಳು. ಪಡಾವು ಒಡೆದಾಗ ಒಳ್ಳೆಯ ಹಲಗೆಗಳು ಮನೆಗಳಿಗೆ ಬಂದವಂತೆ, ಉಳಿದದ್ದು ಒಲೆಗೆ. ಕೇಳುವವರು ಸಿಕ್ಕ ಖುಷಿಗೆ ಅವಳು ಹೇಳುತ್ತಲೇ ಹೋದಳು. ಪಡಾವಿನ ಮೇಲೆಯೇ ಮಣ್ಣು ಮೆತ್ತಿದ ಡಬ್ಬಿಯಲ್ಲಿ ಒಲೆ ಹೂಡಿ ಅನ್ನ ಮಾಡುತ್ತಿದ್ದದ್ದು. ಇಲಿ ಹಿಡಿಯಲು ಬೆಕ್ಕು ಸಾಕಿದ್ದು. ಮರ ಕೊಳೆಯದಿರಲೆಂದು ಮೈಗೆಲ್ಲ ಮೀನಿನ ಎಣ್ಣೆ ಬಳಿಯುತ್ತಿದ್ದದ್ದು. "ಆ ವಾಸನೆ! ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಊಟ ಸೇರುತ್ತಿರಲಿಲ್ಲ," ಎಂದು ಮೂಗು ಮುಚ್ಚಿ ನಕ್ಕಳು.

ಅವಳ ಮಾತು ಕೇಳುತ್ತ ಸುಮ್ಮನೆ ನೀರು ನೋಡುತ್ತಿದ್ದೆ. ಜಲಕುಂಬಿ ಕಳೆಯ ಹಸಿರು ಗುಂಪುಗಳು ತೇಲಿ ಹೋಗುತ್ತಿದ್ದವು, ಅವುಗಳ ಜೊತೆ ಒಂದು ಪ್ಲಾಸ್ಟಿಕ್ ಬಾಟಲಿ. ಏನೋ ಅನುಮಾನ ಬಂದು, "ಸಮುದ್ರ ಯಾವ ಕಡೆ?" ಎಂದೆ.

ಎಡಕ್ಕೆ ತೋರಿಸಿದಳು.

ಬಾಟಲಿ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಸಮುದ್ರದ ಕಡೆಯಿಂದ ಊರಿನ ಕಡೆಗೆ. ನಾನು ಎದ್ದು ನಿಂತೆ.

"ಭರತಿ," ಎಂದಳು ಆಕೆ. ಉಬ್ಬರ. "ಸಂಜೆಗೆ ತಿರುಗುತ್ತೆ."

ನಾನು ಮದುವೆಯಾಗಿ ಬಂದಾಗಿನಿಂದ ಮುಂಬೈಯಲ್ಲಿದ್ದೇನೆ. ದಾದರಿನ ಚೌಪಾಟಿಯಲ್ಲಿ ಉಬ್ಬರ ಇಳಿತ ನೋಡುತ್ತ ಶೇಂಗಾ ತಿಂದಿದ್ದೇನೆ. ಸಮುದ್ರ ಏರಿದಾಗ ನದಿಯೂ ತಿರುಗುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಹುಟ್ಟು ಹಾಕುವ ಕಷ್ಟವಿಲ್ಲದೆ ಏರುವ ನೀರಿನ ಜೊತೆ ಬಂದು, ಇಳಿಯುವ ನೀರಿನ ಜೊತೆ ಭಾರ ಹೊತ್ತು ಹೋಗುತ್ತಿದ್ದವು ಪಡಾವುಗಳು. ಅವ್ವ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಅಲ್ಲಿಂದಲೇ ಫೋನು ಮಾಡಿದೆ. "ಅವ್ವಾ, ಪಡಾವು ಹೆಂಗ ನಾರ್ತಿತ್ತು?"

"ಥೂ, ಅದನ್ಯಾಕ ಕೇಳ್ತಿ? ಮೀನೆಣ್ಣಿ ಬಡೀತಿದ್ರು. ನಾವು ಹುಡುಗ್ಯಾರು ಮೂಗ ಮುಚ್ಕೊಂಡ, ಚೆಲ್ಲಿದ ಅಕ್ಕಿ ಉಡುಗಿ ತರ್ತಿದ್ವಿ. ಎಲ್ಲಿದ್ದೀ ನೀ?"

"ನಿಮ್ಮ ನದೀ ಮುಂದ ನಿಂತೀನಿ. ಹಿಂದಕ್ಕ ಹರ್ಯಾಕ ಹತ್ತೇದ."

"ಖರೇನ?" ಎಂದಳು ಅವ್ವ, ಸಣ್ಣ ಹುಡುಗಿಯ ಹಾಗೆ.

ಮನೆಗೆ ಮರಳಿದಾಗ ಉಳಿದದ್ದನ್ನು ಹೇಳಿದಳು. ತಾಯಿ ತೀರಿಕೊಂಡ ಮೇಲೆ ಅವಳನ್ನು ಧಾರವಾಡದ ಮಾವನ ಮನೆಗೆ ಕಳಿಸಿದರು. ಸಾಲಿಗೆ ಹೋದ ಹೊಸದರಲ್ಲಿ, ನಮ್ಮೂರಿನ ನದಿ ಎರಡೂ ಕಡೆ ಹರಿಯುತ್ತದೆ ಎಂದಳಂತೆ. ಹುಡುಗಿಯರು ನಕ್ಕರು, ಅಕ್ಕೋರು ಸುಳ್ಳು ಹೇಳಬಾರದೆಂದು ಗದರಿದರು. ಅಂದಿನಿಂದ ಓಣಿಯಲ್ಲೆಲ್ಲ ಅವಳಿಗೆ ಸುಳ್ಳಿ ಎಂದೇ ಹೆಸರು. "ಹೇಳೂದ ಬಿಟ್ಟಬಿಟ್ಟೆ. ಬರಬರತ ನನಗೂ ಅನುಮಾನ ಬಂತು, ಕನಸು ಇದ್ದೀತೇನೋ ಅಂತ. ಆಸ್ಪತ್ರ್ಯಾಗಿಂದ ಬಂದ ಮ್ಯಾಲೆ ಅದೆಲ್ಲಾ ಕಣ್ಣ ಮುಂದ ಬರಾಕ ಹತ್ತಿತು, ತಡೀಲಿಕ್ಕೆ ಆಗಲಿಲ್ಲ."

ನಾವು ಅನುಮಾನ ಪಟ್ಟದ್ದನ್ನು ಅವಳಿಗೆ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. "ಯಾರಿಗಾದ್ರೂ ಹಂಗ ಅನಸ್ತದ ಬಿಡು," ಎಂದು ನನ್ನ ಕೈ ಹಿಡಿದುಕೊಂಡಳು.

ಡಾಕ್ಟರು ಮುಂದಿನ ಭೇಟಿಯಲ್ಲಿ ಅವ್ವನಿಗೆ ಏನೇನೋ ಪ್ರಶ್ನೆ ಕೇಳಿ, ಗಡಿಯಾರದ ಚಿತ್ರ ಬರೆಸಿ, ರಕ್ತದ ರಿಪೋರ್ಟು ನೋಡಿ, ಮರೆವಿನ ರೋಗದ ಲಕ್ಷಣ ಏನೂ ಇಲ್ಲವೆಂದರು. ಪಡಾವಿನ ಕಥೆ ಹೇಳಿದಾಗ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಹೊರಗೆ ಬಂದು ತಮ್ಮನಿಗೆ ಫೋನು ಮಾಡಿದೆ. ಮೂಗು ಒರೆಸಿಕೊಳ್ಳುತ್ತ, ರವಿವಾರ ಎಲ್ಲರೂ ಬರುತ್ತೇವೆಂದ.

ಆ ರವಿವಾರ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಲಾಡಿನಿಂದ ಬಂದ. ಅವನ ಮಗಳಿಗೆ ಕನ್ನಡ ತಿಳಿಯುತ್ತದೆ, ಆಡಲು ತಡವರಿಸುತ್ತಾಳೆ. "ಅಜ್ಜಿ, ಬೋಟ್ ಮೇ ಬಿಲ್ಲೀ ಭೀ ಥೀ ಕ್ಯಾ? ಬೆಕ್ಕು?" ಎಂದು ಕೇಳಿದಳು.

"ಇತ್ತಲ್ಲ! ಕರೇದು. ಒಂದು ಕಿವಿ ಹರದಿತ್ತು," ಎಂದು ಅವ್ವ ಕಾಲು ಚಾಚಿ ಕೂತು ಶುರು ಮಾಡಿದಳು. ತಮ್ಮನೂ ನೆಲದ ಮೇಲೆ ಕೂತ. ಪಾತ್ರೆ ಆಮೇಲೆ ತೊಳೆದರಾಯಿತೆಂದು ನಾನು ಒಳಗಿನ ಕೋಣೆಗೆ ಹೋಗಿ ಒರಗಿದೆ. ಅವ್ವನ ಮಾತು, ಮಕ್ಕಳ ನಗು ಕೇಳುತ್ತ ಕೇಳುತ್ತ, ಎಷ್ಟೋ ವಾರಗಳ ಮೇಲೆ ಮೊದಲ ಸಲ, ಗಾಢವಾಗಿ ನಿದ್ದೆ ಹೋದೆ.