ಹಿಂದಿ ಟೀಚರ ಫ್ಲಾಸ್ಕು

ನಮ್ಮ ಹಿಂದಿ ಟೀಚರ ಮೇಲ್ದುಟಿಯಲ್ಲಿ ಸದಾ ಕಾಫಿಯ ತೆಳ್ಳನೆಯ ಗೆರೆಯೊಂದು ಇರುತ್ತಿತ್ತು. ಹೇಳಿದರೆ ಸೆರಗಿನಿಂದ ಒರೆಸಿಕೊಂಡು ನಗುತ್ತಿದ್ದರು. ಮುಂದಿನ ಪೀರಿಯಡ್ಡಿಗೆ ಮತ್ತೆ ಅದೇ ಗೆರೆ. ಶಂಕರಪುರದಿಂದ ಕಾಪುವಿನ ನಮ್ಮ ಶಾಲೆಗೆ ಬರುವಾಗ ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಸ್ಟೀಲಿನ ಫ್ಲಾಸ್ಕು.

"ಕಾಫಿ ಕುಡಿಯುವವರೆಗೆ ನನಗೆ ಗಂಡನ ಹೆಸರೂ ನೆನಪಾಗುವುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ಕುಡಿದ ಮೇಲೆ ಅವರಿಗೆ ಮರೆವೆಂಬುದೇ ಇರಲಿಲ್ಲ. ವಾರ್ಷಿಕೋತ್ಸವದಲ್ಲಿ ಧನ್ಯವಾದ ಹೇಳುವ ಕೆಲಸ ಪ್ರತಿ ವರ್ಷ ಅವರದೇ. ಬೆಂಚು ಕೊಟ್ಟವರು, ಶಾಮಿಯಾನ ಹಾಕಿಸಿದವರು, ಪಾಯಸಕ್ಕೆ ಬೆಲ್ಲ ಕಳಿಸಿದವರು, ಎಲ್ಲರ ಹೆಸರೂ ಚೀಟಿಯಿಲ್ಲದೆ ಬರುತ್ತಿತ್ತು. ಇಲ್ಲಿ ಒಂದು ಹೆಸರು ಬಿಟ್ಟುಹೋದರೆ ಆ ಮನೆಯವರು ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಹಿಂದೆ ಕೂತು ಚಪ್ಪಾಳೆ ಕೇಳುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನೂ ಅದೇ ಶಾಲೆಯ ಟೀಚರು, ಅವರಿಗಿಂತ ಹೆಚ್ಚು ಓದಿದವಳು. ಆದರೆ ನಾಲ್ಕು ಜನರ ಮುಂದೆ ನಿಂತರೆ ಮಾತು ತಡವರಿಸುತ್ತಿತ್ತು.

ಒಂದು ವರ್ಷ ಹಟ ಹಿಡಿದು ಆ ಕೆಲಸ ಕೇಳಿ ಪಡೆದೆ. ವಾರವಿಡೀ ಕಾರ್ಕಳದ ಮನೆಯಿಂದ ಬರುವ ಬಸ್ಸಿನಲ್ಲಿ ಹೆಸರುಗಳನ್ನು ಬಾಯಿಪಾಠ ಮಾಡಿದೆ. ಗುಟ್ಟೆಲ್ಲ ಫ್ಲಾಸ್ಕಿನಲ್ಲಿದೆ ಎಂದುಕೊಂಡು, ಎಂದೂ ಕಾಫಿ ಮುಟ್ಟದವಳು ವೇದಿಕೆ ಹತ್ತುವ ಮುಂಚೆ ಅದರಿಂದ ಎರಡು ಲೋಟ ಕದ್ದು ಕುಡಿದೆ. ಎದೆ ಡವಡವ ಎನ್ನತೊಡಗಿತು. ಎಂಟು ಹೆಸರು ಹೇಳಿ ನಿಂತುಬಿಟ್ಟೆ. ಬೆಂಚು ಕೊಟ್ಟ ಸಾಹೇಬರು ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದರು. ಅವರ ಹೆಸರು ಬರಲೇ ಇಲ್ಲ.

ಹಿಂದಿ ಟೀಚರು ನೀರಿನ ಲೋಟ ಹಿಡಿದು ಬಂದರು. "ಟೀಚರಿಗೆ ಗಂಟಲು ಕಟ್ಟಿದೆ" ಎಂದು ಮೈಕಿನಲ್ಲಿ ಹೇಳಿ, ಸಾಹೇಬರ ಹೆಸರಿನಿಂದಲೇ ಮುಂದುವರಿಸಿದರು. ನನ್ನ ಮಾನ ಉಳಿಯಿತು. ಅದಕ್ಕೇ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಸ್ಟಾಫ್ ರೂಮಿನಲ್ಲಿ ಮೆಲ್ಲಗೆ ಹೇಳಿದರು: "ಫ್ಲಾಸ್ಕು ಹಗುರ ಆದದ್ದು ನನಗೆ ಗೊತ್ತಾಯ್ತು. ನನ್ನದು ಸೋಮಾರಿ ತಲೆ, ಎಬ್ಬಿಸ್ಲಿಕ್ಕೆ ಕಾಫಿ ಬೇಕು. ನಿಮ್ಮದು ಮೊದಲೇ ಓಡ್ತಾ ಉಂಟು. ಅದನ್ನು ಮತ್ತೆ ಎಂತಕ್ಕೆ ಓಡಿಸುವುದು? ಬಿಸಿನೀರು ಕುಡಿದು ನಿಲ್ಲಿ, ಎಲ್ಲ ನೆನಪಾಗ್ತದೆ."

ನಾನು ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೊರಟೆ. ಮತ್ತೆಂದೂ ಆ ಕೆಲಸ ಕೇಳಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ನನ್ನನ್ನೇ ಕರೆದರು. ಒಂದು ಲೋಟ ಬಿಸಿನೀರು ಕುಡಿದು ನಿಂತೆ. ಅವರ ಮಲ್ಲಿಗೆ, ಮೇಲ್ದುಟಿಯ ಗೆರೆ, ಅವರು ಕಲಿಸಿದ ಮಕ್ಕಳ ಹೆಸರು, ಎಲ್ಲವೂ ಚೀಟಿಯಿಲ್ಲದೆ ಸಾಲಾಗಿ ಬಂದವು. ಕಣ್ಣೀರು ಬಂದರೂ ತಡವರಿಸಲಿಲ್ಲ.

ಇಳಿದು ಬಂದಾಗ ಬೆಂಚು ಕೊಟ್ಟ ಅದೇ ಸಾಹೇಬರು ಎದ್ದು ನಿಂತರು. "ಅವರೇ ಮಾತಾಡಿದ ಹಾಗೆ ಆಯ್ತು ಟೀಚರೇ" ಎಂದರು.

ನನ್ನ ಜೀವಮಾನದ ಒಂದೇ ಒಂದು ಹೊಗಳಿಕೆ. ಅದೂ ಹಿಂದಿ ಟೀಚರ ಪಾಲಿಗೇ ಹೋಯಿತು.